ಕಲ್ಲಿದ್ದಲ ಗುಂಡಿಗೆ ಹೊತ್ತ ಬಾಗಿನ

ಹರಕೆ ಹೊರುವ ಮೊದಲು ಅದು ಯಾವ ದೇವರಿಗೆ ಎಂದು ವಿಚಾರಿಸಿಕೊಳ್ಳಬೇಕು. ನಾನು ವಿಚಾರಿಸಲಿಲ್ಲ. ಅದಕ್ಕೇ ಎಪ್ಪತ್ತು ದಾಟಿದ ಮೇಲೆ ಎರಡು ಮೊರ ಹೊತ್ತುಕೊಂಡು ಜರ್ಮನಿಗೆ ಹೋಗಬೇಕಾಯಿತು.

ನಮ್ಮೂರು ಮದ್ದೂರಿಗೂ ಮಳವಳ್ಳಿಗೂ ನಡುವೆ, ನಾಲೆಯ ತುದಿಯಲ್ಲಿದೆ. ಕನ್ನಂಬಾಡಿಯ ನೀರು ಮೇಲಿನವರ ಗದ್ದೆಯನ್ನೆಲ್ಲ ತಣಿಸಿ, ಮಿಕ್ಕರೆ ನಮಗೆ. ನನ್ನ ಯಜಮಾನರು ಇದ್ದಷ್ಟು ದಿನ ನೀರುಗಂಟಿಯಾಗಿದ್ದರು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ತೂಬು ಕಾಯುವ ಕೆಲಸ. ನಾನು ಓದಿದ್ದು ನಾಲ್ಕನೇ ಕ್ಲಾಸು. ನೀರಿನ ವಿಷಯ ಬಿಟ್ಟರೆ ನನಗೆ ತಿಳಿದದ್ದು ಕಡಿಮೆ.

ನನ್ನ ಮಗಳ ಮಗಳು ಚಂದನ ನರ್ಸು. ಜರ್ಮನಿಯ ಲೌಸಿಟ್ಸ್ ಎಂಬ ಸೀಮೆಯಲ್ಲಿ, ಒಂದು ವೃದ್ಧಾಶ್ರಮದಲ್ಲಿ ಮುದುಕರನ್ನು ನೋಡಿಕೊಳ್ಳುತ್ತಾಳೆ. ಇಲ್ಲಿ ಪಾಸಾದದ್ದು ಅಲ್ಲಿ ಸಾಲದಂತೆ. ಅವರ ಭಾಷೆಯಲ್ಲೇ ಅವರ ಪರೀಕ್ಷೆ ಕಟ್ಟಬೇಕು. ಒಂದು ಸಲ ಫೇಲಾದಳು. ಎರಡನೇ ಸಲವೂ ಆದರೆ ಪೆಟ್ಟಿಗೆ ಕಟ್ಟಿಕೊಂಡು ವಾಪಸ್. ಎರಡನೇ ಪರೀಕ್ಷೆಯ ಹಿಂದಿನ ದಿನ ವಿಡಿಯೋ ಕಾಲಿನಲ್ಲಿ ಅಳುತ್ತಾ ಕೂತಿದ್ದಳು. ಅವಳ ಬೆನ್ನ ಹಿಂದೆ ಕಿಟಕಿ, ಕಿಟಕಿಯಾಚೆ ಕಣ್ಣು ಹೋದಷ್ಟು ದೂರ ನೀರು. ಅಷ್ಟು ನೀರು ಕಂಡ ಮೇಲೆ ಕೈ ಮುಗಿಯದೆ ಇರುವುದು ನನಗೆ ಬರುವುದಿಲ್ಲ. "ತಾಯಿ, ಈ ಮಗ ಪಾಸಾಗ್ಲಿ, ನಾನೇ ಬಂದು ನಿಂಗೆ ಬಾಗಿನ ಕೊಡ್ತೀನಿ" ಅಂದುಕೊಂಡೆ.

ಪಾಸಾದಳು.

ನನ್ನ ಓರಗಿತ್ತಿ ಕೇಳಿ ಬೈದಳು. "ಗಂಡ ಇಲ್ದೋಳು ನೀನು. ಬಾಗಿನ ಮುತ್ತೈದೇರು ಕೊಡೋದು. ಅದ್ಯಾಕಮ್ಮಿ ಒತ್ಕಂಡೆ?" ಅವಳು ಹೇಳಿದ್ದೂ ಸರಿಯೇ. ಯಜಮಾನರು ತೀರಿಕೊಂಡ ವರ್ಷದಿಂದ ನನ್ನ ಅಣ್ಣನ ಮನೆಯಿಂದ ಗೌರಿ ಬಾಗಿನ ಬರುವುದೂ ನಿಂತಿದೆ. ಅವನನ್ನು ನಾನು ಕೇಳಲೂ ಇಲ್ಲ. ಆದರೆ ಹೊತ್ತದ್ದು ಹೊತ್ತಾಗಿತ್ತು. ಹರಕೆ ಉಳಿಸಿಕೊಂಡರೆ ಅದು ಹೊತ್ತವರನ್ನು ಹಿಡಿಯುವುದಿಲ್ಲ, ಯಾರಿಗಾಗಿ ಹೊತ್ತೆವೋ ಅವರನ್ನು ಹಿಡಿಯುತ್ತದೆ. ಕೊಡುವ ಕೈ ಚಂದನಳದು, ಹರಕೆ ನನ್ನದು ಎಂದು ಒಂದು ದಾರಿ ಮಾಡಿಕೊಂಡೆ. ಅವಳು ರಜೆಗೆ ಬಂದವಳು ವಾಪಸ್ ಹೋಗುವಾಗ, "ಒಂದ್ ತಿಂಗ್ಳು ಬಂದಿರಜ್ಜಿ" ಎಂದು ಕರೆದಳು. ಎರಡನೇ ಸಲ ಕರೆಸಿಕೊಳ್ಳಲಿಲ್ಲ.

ಬರ್ಲಿನ್, ಸಾಮಾನು ನೋಡುವ ಜಾಗ

ಹೊಸ ಬಿದಿರಿನ ಎರಡು ಮೊರ, ಒಂದರ ಮೇಲೊಂದು ಬೋರಲು ಹಾಕಿ ಹಳದಿ ದಾರದಲ್ಲಿ ಕಟ್ಟಿದ್ದೆ. ಒಳಗೆ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಅರಿಶಿನ ಕುಂಕುಮ, ವೀಳ್ಯದೆಲೆ, ಗಾಜಿನ ಬಳೆ, ರವಿಕೆ ಕಣ, ಬಾಚಣಿಗೆ, ಅಂಗೈ ಅಗಲದ ಕನ್ನಡಿ. ಯಾಕೆ ತಂದಿದ್ದೇನೆಂದು ಚಂದನಳಿಗೆ ಹೇಳಿರಲಿಲ್ಲ. ಹೇಳಿದ್ದರೆ ಮನೆಯಲ್ಲೇ ಬಿಡಿಸುತ್ತಿದ್ದಳು. ಹಬ್ಬದ ಸಾಮಾನು ಅಂದಿದ್ದೆ.

ಬರ್ಲಿನ್ನಿನಲ್ಲಿ ಇಳಿದು ಹೊರಗೆ ಬರುವಾಗ, ಖಾಕಿ ಅಲ್ಲದ ಕಪ್ಪು ಬಟ್ಟೆಯ ಒಬ್ಬಳು ಹೆಂಗಸು ನನ್ನ ಚೀಲವನ್ನೇ ತಡೆದಳು. ಗಂಟು ಬಿಚ್ಚಿದಳು. ಕುಂಕುಮ ನೋಡಿ ಅವಳ ಹುಬ್ಬು ಮೇಲೆ ಹೋಯಿತು. ಹತ್ತಿಯಲ್ಲಿ ಒರೆಸಿ ಒಂದು ಮೆಷೀನಿಗೆ ಕೊಟ್ಟಳು. ಮೆಷೀನು ಏನೂ ಅನ್ನಲಿಲ್ಲ.

"ಅಜ್ಜಿ, ಇದೇನು ಅಂತ ಕೇಳ್ತಾವ್ರೆ" ಅಂದಳು ಚಂದನ.

"ಬಾಗಿನ ಅನ್ನು."

"ಯಾರ್ಗಂತೆ?"

"ನಿನ್ ಕೆರೆಗೆ."

"ನನ್ ಕೆರೆ ಯಾವ್ದಜ್ಜಿ?"

"ನಿನ್ ಕಿಟ್ಕೀಲಿ ಕಾಣ್ತದಲ್ಲ, ಅದು. ನೀನ್ ಪಾಸಾದ್ರೆ ಕೊಡ್ತೀನಿ ಅಂತ ಒತ್ಕಂಡಿದ್ದೆ."

ಚಂದನ ಹಣೆಗೆ ಕೈ ಹಚ್ಚಿದಳು. "ಅದು ಕೆರೆ ಅಲ್ಲ ಕಣಜ್ಜಿ. ಕಲ್ಲಿದ್ದಲು ತಗ್ದಿದ್ ಗುಂಡಿ."

"ಗುಂಡಿಗ್ಯಾಕ್ ಅಷ್ಟ್ ನೀರು?"

"ತಗ್ದಿದ್ದಾಯ್ತು, ತುಂಬುದ್ರು."

ಗುಂಡಿಗೆ ತಾಯಿ ಎಂದು ಕೈ ಮುಗಿದಿದ್ದೆ. ನಮ್ಮೂರಲ್ಲಿ ಕೇಳಿದರೆ ಒಂದು ವರ್ಷ ಆಡಿಕೊಂಡು ನಗುತ್ತಾರೆ.

ಚಂದನ ಅವಳಿಗೆ ಏನೋ ಹೇಳಿದಳು. "ನಮ್ಮಜ್ಜಿ ನಿಮ್ಮ ಕೆರೆಗೆ ಮಡಿಲು ತುಂಬಕ್ಕೆ ಬಂದವ್ರೆ ಅಂದೆ" ಅಂತ ಆಮೇಲೆ ನನಗಂದಳು. ಆ ಹೆಂಗಸು ವೀಳ್ಯದೆಲೆಯನ್ನು ಮಾತ್ರ ತೆಗೆದು ಕಸಕ್ಕೆ ಹಾಕಿದಳು. ಹಸಿ ಎಲೆ ಒಳಗೆ ಬಿಡುವುದಿಲ್ಲವಂತೆ. ಮಿಕ್ಕದ್ದನ್ನೆಲ್ಲ ಇದ್ದ ಜಾಗದಲ್ಲೇ ಇಟ್ಟು, ಕನ್ನಡಿ ಒಡೆಯದ ಹಾಗೆ ರವಿಕೆ ಕಣದ ಮಡಿಕೆಯೊಳಗೆ ಸೇರಿಸಿ, ದಾರ ಕಟ್ಟಿಕೊಟ್ಟಳು. ಗಂಟು ಸರಿ ಬರಲಿಲ್ಲ, ನಾನು ಬಿಚ್ಚಿ ಮತ್ತೆ ಕಟ್ಟಿದೆ. ಆದರೂ ಕನ್ನಡಿಯ ಯೋಚನೆ ಮಾಡಿದಳಲ್ಲ. ಅಷ್ಟು ಸಾಕು.

ಗುಂಡಿಯ ದಂಡೆ

ಮಾರನೇ ದಿನ ಹೋಗಿ ನೋಡಿದೆ. ಗುಂಡಿ ಎಂದು ಗೊತ್ತಿಲ್ಲದಿದ್ದರೆ ಈಗಲೂ ಕೈ ಮುಗಿಯುತ್ತಿದ್ದೆ. ಒಂದಲ್ಲ, ಅಂಥವು ಸಾಲಾಗಿ ಇವೆ. ಮುಂಚೆ ಇಲ್ಲಿ ನೀರೇ ಇರಲಿಲ್ಲವಂತೆ. ಪೈನ್ ಮರದ ಕಾಡು, ಮರಳು ನೆಲ, ನಡುವೆ ಸಣ್ಣ ಸಣ್ಣ ಹಳ್ಳಿ. ನೆಲದಡಿಯಲ್ಲಿ ಕಂದು ಬಣ್ಣದ ಕಲ್ಲಿದ್ದಲು ಇತ್ತು. ದೇಶಕ್ಕೆಲ್ಲ ಕರೆಂಟು ಬೇಕೆಂದು ಹಳ್ಳಿ ಎಬ್ಬಿಸಿದರು. ಮನೆ ಕೆಡವಿದರು, ಚರ್ಚು ಕೆಡವಿದರು, ಗೋರಿಗಳನ್ನೂ ಅಗೆದು ಬೇರೆ ಕಡೆ ಇಟ್ಟರು. ಆಮೇಲೆ ಸರ್ಕಾರ ಬದಲಾಯಿತು, ಎಷ್ಟೋ ಗಣಿ ಮುಚ್ಚಿದವು. ಹೊಂಡಗಳು ಬಾಯಿ ತೆರೆದುಕೊಂಡು ಬಿದ್ದಿದ್ದವು. ಹೊಳೆಯಿಂದ ನೀರು ತಿರುಗಿಸಿ ವರ್ಷಗಟ್ಟಲೆ ತುಂಬಿಸಿದರು. ಈಗ ನೀರಿನ ಮೇಲೆ ತೇಲುವ ಮನೆ ಕಟ್ಟಿದ್ದಾರೆ. ಹಡಗಿಗೆ ದಾರಿ ತೋರಿಸುವ ಕೆಂಪು ಬಿಳಿ ಪಟ್ಟೆಯ ದೀಪದ ಗೋಪುರವನ್ನೂ ಕಟ್ಟಿದ್ದಾರೆ. ಸಮುದ್ರವೇ ಇಲ್ಲ, ಗೋಪುರ ಯಾಕೆ ಎಂದರೆ, ಚೆನ್ನಾಗಿ ಕಾಣುತ್ತದೆ ಅಂತ. ಇರಲಿ.

ಮೊದಮೊದಲು ನೀರು ಹುಳಿಯಾಗಿತ್ತಂತೆ. ಅಗೆದ ಮಣ್ಣಿನಲ್ಲಿದ್ದುದೆಲ್ಲ ಇಳಿದು ಮೀನೂ ಬದುಕದಷ್ಟು ಹುಳಿ. ಅದಕ್ಕೆ ದೋಣಿಯಲ್ಲಿ ಸುಣ್ಣ ತಂದು ಚೆಲ್ಲಿದರು, ಕೆಲವು ಕಡೆ ಇನ್ನೂ ಚೆಲ್ಲುತ್ತಾರೆ. ಎಲೆ ಅಡಿಕೆಗೆ ಸುಣ್ಣ ಹಚ್ಚುವುದು ಗೊತ್ತು, ಕೆರೆಗೆ ಸುಣ್ಣ ಹಚ್ಚುವ ಜನರನ್ನು ಅಲ್ಲೇ ಕಂಡದ್ದು.

ನನ್ನ ಅಜ್ಜಿ ಹುಟ್ಟಿದ ಊರು ಕನ್ನಂಬಾಡಿ ಹಿನ್ನೀರಿನಲ್ಲಿ ಮುಳುಗಿತು. ಅವಳು ಮದುವೆಯಾಗಿ ಬಂದದ್ದು ಅದೇ ಅಣೆಕಟ್ಟಿನ ನಾಲೆ ಹರಿಯುವ ಊರಿಗೆ. ತಟ್ಟೆಗೆ ಅನ್ನ ಬಿದ್ದಾಗಲೆಲ್ಲ "ನಮ್ಮಟ್ಟಿ ಮುಳುಗ್ಸಿದ್ ನೀರು" ಎಂದು ಬೈಯುತ್ತಿದ್ದಳು. ಬೈದುಕೊಂಡೇ ಎರಡು ಸಲ ಬಡಿಸಿಕೊಳ್ಳುತ್ತಿದ್ದಳು. ನಾನು ಆ ಅನ್ನ ತಿಂದೇ ಬೆಳೆದವಳು. ಕನ್ನಂಬಾಡಿ ಕಟ್ಟಿದವರಿಗೂ ಕೈ ಮುಗಿಯುತ್ತೇನೆ, ಮುಳುಗಿದವರಿಗೂ ಮುಗಿಯುತ್ತೇನೆ. ಎರಡು ಕೈ ಇರುವುದು ಅದಕ್ಕೇ.

"ಈಗೇನ್ ಮಾಡ್ತೀಯಜ್ಜಿ? ಗುಂಡಿಗೆ ಕೊಡ್ತೀಯಾ?" ಎಂದಳು ಚಂದನ.

"ಗುಂಡಿಯೋ ಕೆರೆಯೋ, ಕೇಳ್ದಾಗ ಕೊಡ್ತಲ್ಲ. ಕೊಡ್ದೆ ಓಗಕ್ಕಾಯ್ತದಾ?"

ದೂರದಲ್ಲಿ ಮರಳಿನ ಮೇಲೆ ಮೂರು ಜನ ಮುದುಕರು ನೀರಿಗಿಳಿಯುತ್ತಿದ್ದರು. ಹತ್ತಿರ ಹೋದ ಮೇಲೆ ತಿಳಿಯಿತು, ಮೈ ಮೇಲೆ ಒಂದು ನೂಲೂ ಇಲ್ಲ. ಒಬ್ಬ ನನಗೆ ಕೈ ಎತ್ತಿ ನಮಸ್ಕಾರದ ಹಾಗೇನೋ ಹೇಳಿದ. ನಾನೂ ಕೈ ಎತ್ತಿದೆ. ಮರ್ಯಾದೆಯವನು. ಮುತ್ತತ್ತಿಯಲ್ಲಿ ನಮ್ಮವರು ಮೈ ತುಂಬ ಬಟ್ಟೆ ಹಾಕಿಕೊಂಡೇ ಮುಳುಗುತ್ತಾರೆ. ಆಮೇಲೆ ಆ ಬಟ್ಟೆಯನ್ನು ಹೊಳೆಯಲ್ಲೇ ಬಿಟ್ಟು, ತಿಂಡಿಯ ಪ್ಲಾಸ್ಟಿಕ್ಕನ್ನೂ ಬಿಟ್ಟು ಬರುತ್ತಾರೆ. ಈ ಮುದುಕರು ಎದ್ದು ಹೋದ ಮೇಲೆ ಮರಳಿನಲ್ಲಿ ಹೆಜ್ಜೆ ಬಿಟ್ಟು ಬೇರೇನೂ ಉಳಿಯಲಿಲ್ಲ. ನಾಚಿಕೆ ಯಾರು ಪಡಬೇಕೆಂದು ನನಗೆ ತಿಳಿಯಲಿಲ್ಲ.

ಹಳದಿ ಬೋರ್ಡು

ಮೂರನೇ ದಿನ ಚಂದನ ಡ್ಯೂಟಿಗೆ ಹೋದಾಗ ನಾನೊಬ್ಬಳೇ ಮೊರ ತಗೊಂಡು ಹೊರಟೆ. ತೇಲಿ ಬಿಡಲು ಜನ ಇಲ್ಲದ ಒಂದು ಜಾಗ ನೋಡಿಟ್ಟುಕೊಂಡು, ಸಂಜೆ ಅವಳನ್ನು ಕರೆತಂದು ಬಿಡಿಸೋಣ ಎಂದು ಲೆಕ್ಕ. ಒಂದು ಕಡೆ ಹಗ್ಗ ಕಟ್ಟಿ ಹಳದಿ ಬೋರ್ಡು ಹಾಕಿದ್ದರು. ಕನ್ನಡ ಓದುವುದೇ ನನಗೆ ತಡ, ಅದನ್ನೆಲ್ಲಿ ಓದಲಿ? ಹಗ್ಗ ಎಂದರೆ ದನ ದಾಟದಿರಲೆಂದು ಇರಬೇಕು ಅಂದುಕೊಂಡು ಬಗ್ಗಿ ದಾಟಿದೆ. ಹತ್ತು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಹಿಂದಿನಿಂದ ಕೂಗು. ಸೈಕಲ್ ತುಳಿಯುತ್ತಿದ್ದ ಒಬ್ಬ ದಪ್ಪ ಮನುಷ್ಯ ಸೈಕಲನ್ನು ಹಾಗೇ ಬೀಳಿಸಿ ಕೈ ಬೀಸುತ್ತಿದ್ದ. ಮುಖ ಕೆಂಪಗಾಗಿತ್ತು. ನನ್ನ ಅಣ್ಣನೂ ಹಾಗೆ ಬೈದಿಲ್ಲ. ಅವನು ಹಗ್ಗದ ಆಚೆಯೇ ನಿಂತು, ಬಂದ ಹೆಜ್ಜೆಯಲ್ಲೇ ವಾಪಸ್ ಬಾ ಎಂದು ಕೈಯಲ್ಲೇ ತೋರಿಸಿದ. ಬಂದೆ. ನನ್ನ ತೋಳು ಹಿಡಿದು ಈಚೆಗೆಳೆದುಕೊಂಡು, ಬೋರ್ಡಿನಲ್ಲಿದ್ದ ಚಿತ್ರ ತೋರಿಸಿದ. ದಂಡೆ ಕುಸಿದು ಒಬ್ಬ ಮನುಷ್ಯ ಮುಳುಗುವ ಚಿತ್ರ.

ಸಂಜೆ ಚಂದನ ಹೇಳಿದಳು. ಗಣಿಯಿಂದ ತೆಗೆದು ಸುರಿದ ಮರಳಿನ ದಂಡೆ ಅದು. ಮೇಲೆ ಗಟ್ಟಿ ಕಾಣುತ್ತದೆ, ಒಳಗೆ ನೀರು ಸೇರಿ ಅಂಬಲಿಯಾಗಿರುತ್ತದೆ. ಒಂದೊಂದು ಸಲ ಇಡೀ ದಂಡೆಯೇ ಮರದ ಸಮೇತ ಜಾರುತ್ತದೆ. ಅವನು ಬೈದದ್ದರಿಂದ ಇದನ್ನು ಹೇಳಲು ನಾನು ಉಳಿದಿದ್ದೇನೆ. ನಗುನಗುತ್ತಾ ಹೇಳಿದ್ದರೆ ನಾನು ಕೇಳುತ್ತಿರಲಿಲ್ಲ. ಅವನ ಹೆಸರೂ ಗೊತ್ತಿಲ್ಲ. ಅವನ ಮಕ್ಕಳು ಮರಿ ಚೆನ್ನಾಗಿರಲಿ.

"ಅಗ್ಗ ಇಲ್ಲದ್ ಕಡೆ ಬಿಟ್ರಾಯ್ತು" ಅಂದೆ.

"ಎಲ್ಲೂ ಬಿಡಂಗಿಲ್ಲಜ್ಜಿ. ನೀರಿಗೆ ಏನೂ ಆಕ್ಬಾರ್ದು ಇಲ್ಲಿ. ಈ ನೀರನ್ನ ನೀರು ಮಾಡಕ್ಕೇ ಎಷ್ಟ್ ವರ್ಷ ಒದ್ದಾಡವ್ರೆ ಗೊತ್ತಾ? ನೀನ್ ಬಂದು ಕುಂಕುಮ ಕದಡ್ತೀಯಾ?"

ಮಾತು ಸರಿಯಾಗಿತ್ತು. ಅದಕ್ಕೇ ಕೋಪ ಬಂತು. ಮೊರ ತಂದು ಕಪಾಟಿನ ಮೇಲಿಟ್ಟೆ.

ದೋಣಿ ಹತ್ತುವ ಮೆಟ್ಟಿಲು

ನನ್ನ ಮುಖ ನೋಡಲಾರದೆ ಚಂದನ ಭಾನುವಾರ ದೋಣಿಯಲ್ಲಿ ಕೂರಿಸಿದಳು. ಒಂದು ಕೆರೆಯಿಂದ ಇನ್ನೊಂದಕ್ಕೆ ಕಾಲುವೆ ತೋಡಿದ್ದಾರೆ. ಆಚೆ ಕೆರೆಯ ನೀರಿನ ಮಟ್ಟ ಬೇರೆ, ಈಚೆಯದು ಬೇರೆ. ಕಾಲುವೆಯಲ್ಲಿ ಹಿಂದೊಂದು ಮುಂದೊಂದು ಕಬ್ಬಿಣದ ಬಾಗಿಲು. ದೋಣಿ ನಡುವೆ ಬಂದಾಗ ಹಿಂದಿನದನ್ನು ಮುಚ್ಚಿದರು. ನೀರು ಬಿಟ್ಟರು. ದೋಣಿ ಸದ್ದಿಲ್ಲದೆ ಮೇಲೇರಿತು, ಅಳುವ ಮಗುವನ್ನು ಎತ್ತಿಕೊಂಡ ಹಾಗೆ. ಮುಂದಿನ ಬಾಗಿಲು ತೆರೆಯಿತು.

ಯಜಮಾನರು ಬದುಕಿನುದ್ದಕ್ಕೂ ಸನಿಕೆ ಹಿಡಿದು ತೂಬಿನ ಹತ್ತಿರ ಜಗಳ ಬಿಡಿಸಿದವರು. "ನೀರಿಗೆ ಯಾರ್ ಮುಲಾಜೂ ಇಲ್ಲ, ತಗ್ಗು ಕಂಡ್ರೆ ಓಯ್ತದೆ" ಅನ್ನುತ್ತಿದ್ದರು. ಏರು ಹತ್ತುವ ನೀರನ್ನು ಅವರಿಗೆ ತೋರಿಸಬೇಕಿತ್ತು. ಬಾಗಿಲ ಹತ್ತಿರ ನೀಲಿ ಅಂಗಿಯ ಒಬ್ಬ ನಿಂತಿದ್ದ. ಬಟನ್ ಒತ್ತುವುದಷ್ಟೇ ಅವನ ಕೆಲಸ. ಅವರ ಊರಿನ ನೀರುಗಂಟಿ ಅವನು. ಯಾರೂ ಅವನ ಕೊರಳಪಟ್ಟಿ ಹಿಡಿಯುವುದಿಲ್ಲ, ಪುಣ್ಯವಂತ.

ಹನ್ಕಾಳ ಕೋಣೆ

ಮಧ್ಯಾಹ್ನದ ಹೊತ್ತು ಚಂದನಳ ಆಶ್ರಮಕ್ಕೆ ನೆಂಟರು ಬಂದು ಕೂರಬಹುದು. ನಾನೂ ಹೋಗಿ ಕೂರುತ್ತಿದ್ದೆ. ಅಲ್ಲಿ ಹನ್ಕಾ ಎಂಬ ಮುದುಕಿ ಇದ್ದಳು. ತೊಂಬತ್ತು ಹತ್ತಿರ. ಕೋಣೆಗೆ ದೊಡ್ಡ ಕಿಟಕಿ, ಕಿಟಕಿ ತುಂಬ ನೀರು. ಅದಕ್ಕಾಗಿಯೇ ಆ ಕೋಣೆ ಬೇಕೆಂದು ಬೇರೆಯವರು ಕಾಯುತ್ತಾರಂತೆ. ಹನ್ಕಾ ಮಾತ್ರ ತನ್ನ ಗಾಲಿ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತಿರುತ್ತಿದ್ದಳು.

"ಗೋಡೇಲಿ ಏನೈತೆ?" ಎಂದು ಕೇಳಿದೆ.

"ಅವ್ರ ತವರೂರು ಆ ನೀರಡೀಲಿತ್ತು ಅಜ್ಜಿ" ಅಂದಳು ಚಂದನ. ಹನ್ಕಾಳ ಅಪ್ಪನ ಮನೆಯನ್ನು ಗಣಿಗೆ ಕೆಡವಿದರು. ಅವಳ ಗಂಡನಿಗೆ ಅದೇ ಗಣಿಯಲ್ಲಿ ಕೆಲಸ. ಆ ಸಂಬಳದಲ್ಲೇ ಮಕ್ಕಳನ್ನು ಸಾಕಿದಳು. ನೀರು ತುಂಬಿದ ಮೇಲೆ ಒಂದು ದಿನವೂ ದಂಡೆಗೆ ಹೋಗಿಲ್ಲ. ನಮ್ಮಜ್ಜಿಯೇ ಬಿಳಿ ಚರ್ಮ ತೊಟ್ಟು ಕೂತ ಹಾಗಿತ್ತು.

ಆ ಸೀಮೆಯಲ್ಲಿ ಊರ ಬೋರ್ಡುಗಳ ಮೇಲೆ ಎರಡು ಭಾಷೆ. ಒಂದು ಜರ್ಮನ್ನರದು, ಇನ್ನೊಂದು ಸೊರ್ಬ್ ಎಂಬ ಹಳೇ ಜನರದು. ಹನ್ಕಾ ಆ ಜನ. ವಯಸ್ಸಾದಂತೆ ಜರ್ಮನ್ ಜಾರಿ ಹೋಗಿ, ತಾಯಿ ಕಲಿಸಿದ ಮಾತೇ ಬಾಯಿಗೆ ಬರುತ್ತಿತ್ತು. ಅದು ಚಂದನಳಿಗೂ ಬಾರದು. ಹೀಗಾಗಿ ಅಲ್ಲಿ ನಾನೂ ಮೊಮ್ಮಗಳೂ ಸಮ.

ಒಂದು ದಿನ ಹನ್ಕಾ ನನ್ನ ಕಡೆ ತಿರುಗಿ "ವೊದಾ" ಅಂದಳು. ನನಗೆ ಕೇಳಿದ್ದು ಒದ್ದೆ. ಪಾಪ, ವಯಸ್ಸು. ಎದ್ದು ಹೋಗಿ ಚಂದನಳನ್ನು ಕರೆದೆ. "ಬಾರೇ, ಈವಮ್ಮ ಒದ್ದೆ ಮಾಡ್ಕಂಡವ್ಳಂತೆ, ಬಟ್ಟೆ ಬದ್ಲಾಯ್ಸು."

ಚಂದನ ಕಂಬಳಿ ಸರಿಸಿ ನೋಡಿದಳು. ಒಣಗಿತ್ತು. ಹನ್ಕಾ ಮತ್ತೆ "ವೊದಾ" ಅಂದಳು, ಈ ಸಲ ಜೋರಾಗಿ. ನಾನೇ ಕೈ ಹಾಕಿ ನೋಡಲು ಹೋದೆ. ಕೈಗೆ ಪಟ್ಟೆಂದು ಒಂದು ಬಿತ್ತು. ಆಮೇಲೆ ಮೇಜಿನ ಮೇಲಿದ್ದ ಹೂಜಿ ತೋರಿಸಿದಳು. ನೀರು. ಅವರ ಮಾತಿನಲ್ಲಿ ನೀರಿಗೆ ವೊದಾ.

ಚಂದನ ಗೋಡೆ ಹಿಡಿದುಕೊಂಡು ನಕ್ಕಳು. ಅವಳು ಜರ್ಮನ್ನಿನಲ್ಲಿ ಬಿಡಿಸಿ ಹೇಳಿದ ಮೇಲೆ ಹನ್ಕಾ ಕೆಮ್ಮು ಬರುವಷ್ಟು ನಕ್ಕಳು. ಅವತ್ತಿನಿಂದ ನಾನು ಬಾಗಿಲಲ್ಲಿ ಕಂಡರೆ ಸಾಕು, "ಒದ್ದೆ?" ಎಂದು ನನ್ನ ಸೀರೆ ತೋರಿಸಿ ಕೇಳುತ್ತಿದ್ದಳು. ನಾನು "ಒಣ್ಗೈತೆ ಕಣವ್ವ" ಅನ್ನುತ್ತಿದ್ದೆ. ನಮ್ಮಿಬ್ಬರ ಮಾತುಕತೆ ಅಷ್ಟೇ. ಸಾಕಾಗುತ್ತಿತ್ತು.

ಗೌರಿ ಹಬ್ಬ

ನಾನು ಹೊರಡಲು ನಾಲ್ಕು ದಿನ ಇದ್ದಾಗ ಗೌರಿ ಹಬ್ಬ ಬಂತು. ಮೊರ ಇನ್ನೂ ಕಪಾಟಿನ ಮೇಲೇ ಇತ್ತು. ಚಂದನ ಒಬ್ಬಳೇ ಆ ನೀರಿನ ಪಕ್ಕ ಇರುವವಳು. ತೀರದ ಹರಕೆಯನ್ನು ಅವಳ ತಲೆಯ ಮೇಲೆ ಬಿಟ್ಟು ನಾನು ವಿಮಾನ ಹತ್ತುವುದು ಹೇಗೆ?

ಬೆಳಗ್ಗೆ ಸ್ನಾನ ಮಾಡುವಾಗ ಹೊಳೆಯಿತು. ಗೌರಿ ಬಾಗಿನ ಯಾರು ಯಾರಿಗೆ ಕೊಡುವುದು? ತವರಿನವರು ಹೆಣ್ಣುಮಕ್ಕಳಿಗೆ. ಈ ನೀರಡಿಯಲ್ಲಿರುವುದು ಹನ್ಕಾಳ ತವರು. ನಾನು ಒಂದು ತಿಂಗಳಿಂದ ಬಾಗಿನವನ್ನು ಮನೆಗೆ ಕೊಡಲು ಒದ್ದಾಡುತ್ತಿದ್ದೆ, ಮನೆಮಗಳು ಎದುರಿಗೇ ಗೋಡೆ ನೋಡುತ್ತಾ ಕೂತಿದ್ದಳು.

ಮಧ್ಯಾಹ್ನ ಮೊರ ತಗೊಂಡು ಹೋದೆ. ಮೊದಲು ದಂಡೆಗೆ ಹೋಗಿ, ಹಗ್ಗದ ಈಚೆಯೇ ನಿಂತು, ಮೊರ ಎತ್ತಿ ನೀರಿಗೆ ತೋರಿಸಿದೆ. ಆಮೇಲೆ ಕೋಣೆಗೆ ಬಂದೆ. ಕೈ ಚಂದನಳದಾಗಬೇಕೆಂದು ಅಂದುಕೊಂಡಿದ್ದೆನಲ್ಲ, ಅದನ್ನು ಬಿಟ್ಟೆ. ಹನ್ಕಾಳಿಗೂ ಗಂಡನಿಲ್ಲ, ನನಗೂ ಇಲ್ಲ. ಅವಳಿಗೂ ತವರಿನಿಂದ ಬರುವುದು ನಿಂತಿತ್ತು, ನನಗೂ ನಿಂತಿತ್ತು. ನಾನೇ ಸೆರಗಿನ ಸಮೇತ ಹಿಡಿದು ಅವಳ ಮಡಿಲಿಗಿಟ್ಟೆ.

"ತವರಿಂದ ಬಂದದೆ ಅನ್ನು" ಎಂದೆ ಚಂದನಳಿಗೆ.

"ತವರಿಗೆ ಈ ಭಾಷೇಲಿ ಮಾತಿಲ್ಲ ಕಣಜ್ಜಿ."

"ಮಾತಿಲ್ದೆ ಎಣ್ಮಕ್ಳು ಎಂಗ್ ಬದುಕ್ತಾರೆ? ನೀರಡೀಲಿರೋ ನಿಮ್ಮಪ್ಪನ್ ಮನೇರು ಕಳ್ಸವ್ರೆ, ನಾನ್ ಒತ್ಕಂಡ್ ಬಂದೆ, ಅಷ್ಟೇ ಅನ್ನು."

ಚಂದನ ನಿಧಾನವಾಗಿ ಹೇಳಿದಳು. ಹನ್ಕಾ ಮೊರವನ್ನು ಹತ್ತಿರಕ್ಕೆಳೆದುಕೊಂಡಳು. ಆಮೇಲೆ ದಾರ ಬಿಚ್ಚಿದಳು. ಅಕ್ಕಿಯಲ್ಲಿ ಬೆರಳಾಡಿಸಿದಳು. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದಳು, ಒಳಗಿನ ಸದ್ದು ಕೇಳಿ "ವೊದಾ" ಅಂದಳು. ಈ ಸಲ ಯಾರೂ ನಗಲಿಲ್ಲ. ಕನ್ನಡಿ ತೆಗೆದು ಮುಖ ನೋಡಿಕೊಂಡಳು. ಗೋಡೆಗೆ ಮುಖ ಮಾಡಿ ಕೂತವಳ ಕೈಯ ಕನ್ನಡಿಯಲ್ಲಿ ಏನು ಕಾಣುತ್ತದೆ? ಮುಖದ ಹಿಂದೆ ಕಿಟಕಿ, ಕಿಟಕಿಯಲ್ಲಿ ನೀರು. ಅದು ನನಗೆ ಮೊದಲು ಹೊಳೆದಿರಲಿಲ್ಲ. ಅವಳು ಕನ್ನಡಿಯನ್ನು ಇಳಿಸಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಚಂದನಳಿಗೆ ಏನೋ ಅಂದಳು. ಚಂದನ ಕುರ್ಚಿ ತಿರುಗಿಸಿದಳು. ಪೂರ್ತಿ ಅಲ್ಲ. ಅರ್ಧ. ಒಂದು ಕಡೆ ಗೋಡೆ, ಒಂದು ಕಡೆ ನೀರು. ಅಷ್ಟಕ್ಕೇ ಸಾಕು ಎಂದು ಕೈ ಅಡ್ಡ ಹಿಡಿದಳು.

ನಾನು ಎದ್ದಾಗ ಕೈ ಹಿಡಿದು ನಿಲ್ಲಿಸಿದಳು. ಮೇಲೆ ಮುಚ್ಚಿದ್ದ ಮೊರ ಖಾಲಿಯಾಗಿತ್ತಲ್ಲ, ಅದನ್ನು ಎತ್ತಿಕೊಂಡು, ಕಪಾಟಿನಿಂದ ಒಂದು ಡಬ್ಬಿ ತೆಗೆಸಿ, ಅದರಲ್ಲಿದ್ದ ಒಂದು ಮೊಟ್ಟೆಯನ್ನು ಮೊರದಲ್ಲಿಟ್ಟು ನನಗೆ ಕೊಟ್ಟಳು. ಒಳಗಿನದನ್ನು ಊದಿ ತೆಗೆದ ಬರೀ ಚಿಪ್ಪು. ಅದರ ಮೇಲೆ ಮೇಣ ಮತ್ತು ಬಣ್ಣದಲ್ಲಿ ರಂಗೋಲಿಯಂಥ ಚಿತ್ತಾರ. ಕೈ ನಡುಗದ ಕಾಲದಲ್ಲಿ ಅವರ ಹಬ್ಬಕ್ಕೆಂದು ಅವಳೇ ಬರೆದದ್ದಂತೆ. ಬಾಗಿನದ ಮೊರವನ್ನು ಖಾಲಿ ಕಳಿಸಬಾರದು ಎಂದು ಅವಳಿಗೆ ಯಾರು ಹೇಳಿಕೊಟ್ಟರೋ ನನಗೆ ಗೊತ್ತಿಲ್ಲ.

ದಾರಿಯಲ್ಲಿ ಚಂದನ ಕೇಳಿದಳು. "ನೀರಿಗೆ ಬೀಳ್ನಿಲ್ವಲ್ಲಜ್ಜಿ, ಅರ್ಕೆ ತೀರ್ತಾ?"

"ಆ ನೀರ್ಗಿಂತ ಮೊದ್ಲು ಅಲ್ಲಿದ್ದೋಳು ಅವ್ಳು. ಮನೆಮಗ್ಳಿಗೆ ಕೊಟ್ರೆ ಮನೆಗೆ ಕೊಟ್ಟಂಗೆ. ತೀರ್ತು ಬುಡು."

ನಮ್ಮ ಮನೆ

ನಾನು ಬರುವ ಹೊತ್ತಿಗೆ ನಮ್ಮ ತುದಿಗೂ ನಾಲೆಯಲ್ಲಿ ನೀರು ಬಂದಿತ್ತು. ಓರಗಿತ್ತಿ ಬಾಗಿಲಲ್ಲೇ ಕಾದಿದ್ದಳು. "ಕೊಟ್ಯಾ?" ಎಂದಳು. ಕೊಟ್ಟೆ ಅಂದೆ. "ಯಾರ್ ಕೈಲಿ?" ಎಂದಳು. ನನ್ನ ಕೈಯಲ್ಲೇ ಅಂದೆ. ಅವಳು ಬೈಯಲು ಹೊರಟವಳು, ನನ್ನ ಮೊರದಲ್ಲಿದ್ದ ಮೊಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದಳು.

ಆ ಮೊರದಲ್ಲಿ ಈಗ ದಿನಾ ಅಕ್ಕಿ ಕೇರುತ್ತೇನೆ. ಮೊಟ್ಟೆಯನ್ನು ದೇವರ ಗೂಡಿನಲ್ಲಿಟ್ಟಿದ್ದೇನೆ. ಮೊಟ್ಟೆಯನ್ನು ದೇವರ ಹತ್ತಿರ ಇಡುತ್ತಾರೆಯೇ, ಅದು ಯಾವ ಕೋಳಿ ಇಟ್ಟದ್ದು ಎಂದು ಬಂದವರೆಲ್ಲ ಕೇಳುತ್ತಾರೆ.

ಕೋಳಿ ಅಲ್ಲ, ಕೆರೆ ಇಟ್ಟದ್ದು ಅನ್ನುತ್ತೇನೆ.